ದೊಡ್ಡಪ್ಪನ ಕಿರುಬೆರಳು ಅಲ್ಲಾಡಿದ ಸಂಜೆ

ನಮ್ಮ ಮನೆಯ ಹೆಣ್ಣುಮಗಳು ಡಿಗ್ರಿ ಮಾಡುವುದು ಆಗದ ಹೋಗದ ಮಾತು ಎಂದವರು ನಮ್ಮ ದೊಡ್ಡಪ್ಪ ಮುನಿಶಾಮಪ್ಪನವರು. ನಾನು ಡಿಗ್ರಿ ಮಾಡಿದ ಮೇಲೆ ನನ್ನ ಬಾಯಿಂದ ಬಂದದ್ದನ್ನೆಲ್ಲ ಮರುಮಾತಿಲ್ಲದೆ ನಂಬಿದವರೂ ಅವರೇ. ಅವರಿಗೆ ನಾನು ಸುಳ್ಳು ಹೇಳಿದೆ. ಒಂದಲ್ಲ, ಎರಡು. ಮೊದಲನೆಯದು ಗೊತ್ತಿಲ್ಲದೆ ಹೇಳಿದ್ದು — ಇಲ್ಲ, ಹಾಗೆ ಬರೆದರೆ ಅದೂ ಸುಳ್ಳಾಗುತ್ತದೆ. ನನಗೆ ಗೊತ್ತಿಲ್ಲ ಎಂಬುದು ಗೊತ್ತಿದ್ದೂ ಹೇಳಿದ್ದು. ಎರಡನೆಯದನ್ನು ಪೂರ್ತಿ ತಿಳಿದೇ ಹೇಳಿದೆ. ಇವೆರಡಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದು ಮಾತಲ್ಲವಾದ್ದರಿಂದ ಯಾರಿಗೂ ಕೇಳಿಸಲಿಲ್ಲ. ಅದನ್ನೂ ಇಲ್ಲಿ ಬರೆಯುತ್ತೇನೆ.

ನಮ್ಮೂರು ಕಾಮಸಮುದ್ರದ ಕಡೆಯದು. ಹೊಲದ ಬದು ದಾಟಿ ಇನ್ನೊಂದಿಷ್ಟು ನಡೆದರೆ ಆಂಧ್ರ. ನಮ್ಮದು ಕೂಡು ಕುಟುಂಬ, ಯಜಮಾನಿಕೆ ದೊಡ್ಡಪ್ಪನದು. ಕೆ.ಜಿ.ಎಫ್.ನ ಕಾಲೇಜಿಗೆ ಸೇರುತ್ತೇನೆ ಎಂದು ನಾನು ಹೇಳಿದಾಗ ಎಮ್ಮೆಗೆ ಹುಲ್ಲು ಹಾಕುತ್ತಿದ್ದವರು ತಿರುಗಿ ಕೂಡ ನೋಡಲಿಲ್ಲ.

"ಆಗೋ ಮಾತಾಡು ಸರೋಜಿ. ನಮ್ಮ ವಂಶ್ದಾಗೆ ಎಸ್ಸೆಲ್ಸಿ ದಾಟಿದ ಗಂಡ್ಸೇ ಇಲ್ಲ. ಡಿಗ್ರಿ ತಂದು ಎಲ್ಲಿ ನೇತಾಕ್ತೀಯಾ, ಎಮ್ಮೆ ಕೊಂಬಿಗಾ?"

ನಾನು ಸೇರಿದೆ. ಬಸ್ಸಿನಲ್ಲಿ ಕೂತು ಓದಿದ್ದಕ್ಕಿಂತ ನಿಂತು ಓದಿದ್ದೇ ಹೆಚ್ಚು. ಬಿ.ಕಾಂ. ಪಾಸಾಯಿತು. ಇಂಗ್ಲಿಷ್ ಮಾತ್ರ ಎರಡನೆಯ ಸಲಕ್ಕೆ ಪಾಸಾಯಿತು. ಆ ವಿಷಯ ಊರಿಗೆ ತಿಳಿಯಲಿಲ್ಲ, ತಿಳಿಯಲು ನಾನು ಬಿಡಲಿಲ್ಲ. ಗೌನು ತೊಟ್ಟು ತೆಗೆಸಿಕೊಂಡ ಫೋಟೋವನ್ನು ದೊಡ್ಡಪ್ಪ ತಾವೇ ಕಟ್ಟು ಹಾಕಿಸಿ ಹಾಲಿನ ಡೈರಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. "ಕೊಂಬು ಸಾಲ್ದೆ ಓಯ್ತು" ಎಂದು ನಕ್ಕರು. ಅವರು ನಮ್ಮೂರ ಹಾಲು ಸಂಘದ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಹಾಲು ಅಳೆದು, ಪರೀಕ್ಷೆ ಮಾಡಿ, ಪಾಸ್‌ಬುಕ್ಕಿನಲ್ಲಿ ಬರೆಯುವುದು ಅವರ ಕೆಲಸ. ನೀರು ಬೆರೆಸಿ ತಂದವರನ್ನು ಅವರು ಮುಖ ನೋಡಿಯೇ ಹಿಡಿಯುತ್ತಾರೆ ಎಂದು ಊರಲ್ಲಿ ಹೆಸರು. ಅಂದಿನಿಂದ ಕರೆಂಟ್ ಬಿಲ್ಲು, ಕೋರ್ಟಿನ ನೋಟೀಸು, ಔಷಧಿ ಚೀಟಿ — ಊರಿನ ಕಾಗದಗಳೆಲ್ಲ ನನ್ನ ಕೈಗೆ ಬರತೊಡಗಿದವು. "ನಮ್ಮ ಸರೋಜೀನ ಕೇಳ್ರಿ" ಎನ್ನುವುದು ದೊಡ್ಡಪ್ಪನಿಗೆ ಅಭ್ಯಾಸವಾಯಿತು. ನನಗೆ ಅದು ಎಷ್ಟು ಹಿತವಾಗಿತ್ತು ಎಂದರೆ… ಅರ್ಥವಾಗದ ಕಾಗದಕ್ಕೂ ಒಂದು ಅರ್ಥ ಹೇಳಿ ಕಳಿಸುವಷ್ಟು.

ತೊಂಬತ್ತರ ದಶಕ ಶುರುವಾಗಿತ್ತು. ಬ್ಯಾಂಕಿನ ಪರೀಕ್ಷೆಗಳು ಕೈಹಿಡಿಯಲಿಲ್ಲ. ಸರ್ಕಾರದ ವಿಮೆಯ ಏಜೆಂಟ್ ಆದೆ. ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಅಲ್ಲಿಯವರೆಗೆ ವಿಮೆ ಎಂದರೆ ಸತ್ತ ಮೇಲೆ ಮನೆಯವರಿಗೆ ಬರುವ ದುಡ್ಡು; ಹಳ್ಳಿಯಲ್ಲಿ ಮಾತು ಶುರುಮಾಡುವುದೇ ಕಷ್ಟ. ಆಗ ಹೊಸದೊಂದು ಪಾಲಿಸಿ ಬಂತು. ನಾಲ್ಕು ದೊಡ್ಡ ಕಾಯಿಲೆಗಳಲ್ಲಿ ಒಂದು ಬಂದರೆ, ಬದುಕಿರುವಾಗಲೇ ದುಡ್ಡು ಕೊಡುವುದು. ಆಫೀಸರು ನಮ್ಮನ್ನೆಲ್ಲ ಕೂಡಿಸಿಕೊಂಡು ಪಾಲಿಸಿಯ ಹಿಂಬದಿಯ ಷರತ್ತುಗಳನ್ನು ಇಂಗ್ಲಿಷಿನಲ್ಲಿ ಓದಿದರು. ಸಾಸಿವೆ ಕಾಳಿನಂಥ ಅಕ್ಷರ. ಒಂದೊಂದು ಕಾಯಿಲೆಗೂ ಒಂದು ವ್ಯಾಖ್ಯೆ — ಇಂತಿಂಥದ್ದಾದರೆ ಮಾತ್ರ ಅದು ಆ ಕಾಯಿಲೆ ಎಂದು. ಓದಿ ಮುಗಿಸಿ, "ಯಾರಿಗಾದ್ರೂ ಅರ್ಥ ಆಗ್ಲಿಲ್ವಾ?" ಎಂದು ಕೇಳಿದರು.

ಚಾಂಪಿಯನ್ ರೀಫ್ಸ್‌ನಿಂದ ಬರುತ್ತಿದ್ದ ತಮಿಳು ಏಜೆಂಟರೊಬ್ಬರು, "ಪುರಿಯಲೆ ಸಾರ್, ಇನ್ನೊಂದ್ಸಲ ಓದಿ" ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ನಾನೂ ನಕ್ಕೆ. ನನಗೂ ಅರ್ಥವಾಗಿರಲಿಲ್ಲ. ಆದರೆ ಅಲ್ಲಿ ಕೂತವರಲ್ಲಿ ಡಿಗ್ರಿ ಇದ್ದವಳು ನಾನೊಬ್ಬಳೇ — ತಲೆ ಆಡಿಸಿದೆ.

ಮರುದಿನ ಸಂಜೆ ಡೈರಿಯ ಜಗಲಿಯ ಮೇಲೆ ನನ್ನ ವ್ಯಾಪಾರ. ಹಾಲು ಹಾಕಿ ಮುಗಿಸಿದವರೆಲ್ಲ ಕ್ಯಾನಿನ ಮೇಲೆ ಕೂತಿದ್ದರು. ನಾನು ನಾಲ್ಕೂ ಕಾಯಿಲೆ ಹೇಳಿದೆ: ಕ್ಯಾನ್ಸರು, ಹೃದಯದ ಬೈಪಾಸ್ ಆಪರೇಷನ್ನು, ಎರಡೂ ಕಿಡ್ನಿ ಕೆಡುವುದು, ಲಕ್ವ.

"ಎಲ್ಡೂ ಕಿಡ್ನೀನಾ?" ಎಂದ ಕದಿರಪ್ಪ. ಸಂಘದ ಕಮಿಟಿಯಲ್ಲಿದ್ದವನು, ಯಾವ ಮಾತನ್ನೂ ಸುಮ್ಮನೆ ಬಿಡುವವನಲ್ಲ. "ಒಂದೋದ್ರೆ?"

"ಇಲ್ಲ. ಎರಡೂ ಹೋಗಬೇಕು."

"ಅಂಗಾರೆ ಒಂದೋದೋನು ಇನ್ನೊಂದು ಯಾವಾಗ ಓಗ್ತೈತೆ ಅಂತ ಕಾಯ್ಕೊಂಡು ಕೂತ್ಕಬೇಕಾ?"

"ಮಂಡಿ ನೋವು ಇಲ್ವೇನೇ ಅದ್ರಾಗೆ?" ಎಂದು ದೊಡ್ಡಮ್ಮ ದೂರದಿಂದಲೇ ಕೇಳಿದರು. "ನಾಲ್ಕ್ರಾಗೆ ಒಂದೂ ನಂಗೆ ಬರಾ ಅಂಗಿಲ್ಲ. ನಂಗೇನ್ ಲಾಭ?"

ಎಲ್ಲರೂ ನಕ್ಕರು. ದೊಡ್ಡಪ್ಪ ಮಾತ್ರ ನಗಲಿಲ್ಲ. ಅವರ ಭಯವೆಲ್ಲ ಲಕ್ವದ ಮೇಲೆ. ಅಳೆಯುವುದು, ಬರೆಯುವುದು — ಅವರ ಬದುಕೇ ಬಲಗೈಯ ಬದುಕು.

"ಲಕ್ವ ಒಡೀತು ಅಂತಿಟ್ಕೋ," ಎಂದರು ನಿಧಾನವಾಗಿ. "ಆಮೇಲೆ ವಾಸಿ ಆಯ್ತು. ಆವಾಗ್ಲೂ ಕೊಡ್ತಾರಾ?"

ಷರತ್ತಿನ ಕಾಗದ ನನ್ನ ಚೀಲದಲ್ಲೇ ಇತ್ತು. ತೆಗೆದು ನೋಡಬಹುದಿತ್ತು. ನಾಳೆ ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಎನ್ನಬಹುದಿತ್ತು — ಎಷ್ಟು ಸಣ್ಣ ಮಾತು. ಆದರೆ ಗೋಡೆಯ ಮೇಲೆ ಗೌನು ತೊಟ್ಟು ಕೂತವಳು ನಾಳೆ ಕೇಳಿ ಹೇಳುತ್ತೇನೆ ಎನ್ನುವುದು ಹೇಗೆ?

"ಕೊಡ್ತಾರೆ ದೊಡ್ಡಪ್ಪ. ಲಕ್ವ ಅಂದ್ರೆ ಲಕ್ವಾನೇ."

ಅವರು ಅಲ್ಲೇ ಸಹಿ ಹಾಕಿದರು. ಅವರು ಹಾಕಿದ್ದಕ್ಕೆ ಇನ್ನೂ ಕೆಲವರು ಹಾಕಿದರು.

ವರ್ಷ ಕಳೆದು, ಇನ್ನೊಂದು ವರ್ಷವೂ ಕಳೆದ ಮೇಲೆ, ಒಂದು ಬೆಳಿಗ್ಗೆ ಹಾಲು ಅಳೆಯುತ್ತಿದ್ದ ದೊಡ್ಡಪ್ಪನ ಕೈಯಿಂದ ಅಳತೆ ಪಾತ್ರೆ ಜಾರಿ ಬಿತ್ತು. ಬಗ್ಗಿ ತೆಗೆಯಲು ಹೋದವರು ಕೂತುಬಿಟ್ಟರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು.

ನಮ್ಮ ಕಡೆ ಲಕ್ವ ಹೊಡೆದವರನ್ನು ಆಗ ಯಾರೂ ಮೊದಲು ಆಸ್ಪತ್ರೆಗೆ ಒಯ್ಯುತ್ತಿರಲಿಲ್ಲ. ಗಡಿಯಾಚೆಯ ಒಂದು ಹಳ್ಳಿಯಲ್ಲಿ ಎಲೆ ಔಷಧಿ ಕೊಡುತ್ತಾರೆ. ತಾತಂದಿರ ಕಾಲದಿಂದ ಎಲ್ಲರೂ ಹೋಗುವುದು ಅಲ್ಲಿಗೇ. ಹಾಲಿನ ಟೆಂಪೊದಲ್ಲಿ ಕ್ಯಾನುಗಳನ್ನು ಪಕ್ಕಕ್ಕೆ ಸರಿಸಿ ದೊಡ್ಡಪ್ಪನನ್ನು ಮಲಗಿಸಿದರು. ಬಿ.ಕಾಂ. ಓದಿದ ನಾನೂ ಹತ್ತಿದೆ. ಮೊದಲು ಆಸ್ಪತ್ರೆಗೆ ಎಂಬ ಮಾತು ನನ್ನ ಬಾಯಿಗೂ ಬರಲಿಲ್ಲ. ಔಷಧಿ ಕೊಡುವ ಮುದುಕ ಎಲೆಯ ರಸ ಕುಡಿಸಿ, ಎಣ್ಣೆ ಕೊಟ್ಟು, "ಏಮೀ ಭಯಂ ಲೇದು. ಒಕ ಮಂಡಲಂ ಪಥ್ಯಂ" ಎಂದ. ನಲವತ್ತೆಂಟು ದಿನ ಉಪ್ಪಿಲ್ಲ, ಹುಳಿಯಿಲ್ಲ, ಬದನೆಕಾಯಿಯ ನೆನಪೂ ಇಲ್ಲ.

ಹಿಂತಿರುಗಿ ಬರುವಾಗ ದೊಡ್ಡಪ್ಪ ಸೊಟ್ಟ ಬಾಯಲ್ಲೇ ಏನೋ ಹೇಳಲು ಒದ್ದಾಡಿದರು. ದೊಡ್ಡಮ್ಮ ನೀರು ಬೇಕೇನೋ ಎಂದುಕೊಂಡರು. ನಾನು ಕಿವಿ ಹತ್ತಿರ ಒಯ್ದೆ.

"ಸರೋಜಿ… ನಿನ್ ಪಾಲ್ಸಿ… ಒಳ್ಳೇ ಟೇಮಿಗೆ ಬರ್ಸಿದೆ."

ಹೇಳಿ, ಮುಖದ ಅರ್ಧದಿಂದ ನಕ್ಕರು.

ಅದೇ ವಾರ ರಾಬರ್ಟ್‌ಸನ್‌ಪೇಟೆಯ ಆಫೀಸಿಗೆ ಹೋದೆ. ಆಫೀಸರು ಯಾವ ಆಸ್ಪತ್ರೆ, ತಲೆಯ ಸ್ಕ್ಯಾನ್ ಎಲ್ಲಿ ಎಂದು ಕೇಳಿದರು. ಎಲೆ ಔಷಧಿ ಎಂದೆ.  ಅವರು ಪಾಲಿಸಿಯನ್ನು ಮಗುಚಿ, ಪೆನ್ಸಿಲಿನ ತುದಿಯಿಂದ ಒಂದೊಂದೇ ಸಾಲು ತೋರಿಸುತ್ತಾ ಕನ್ನಡದಲ್ಲಿ ಹೇಳಿದರು. ಮಿದುಳಿನ ರಕ್ತನಾಳ ಮುಚ್ಚಿಯೋ ಒಡೆದೋ ಕೈಕಾಲಿನ ಶಕ್ತಿ ಹೋಗಿರಬೇಕು, ಅದು ಪೂರ್ತಿಯಾಗಿ ಹೋಗಿರಬೇಕು, ಶಾಶ್ವತವಾಗಿ ಹೋಗಿರಬೇಕು, ಕೆಲವು ವಾರ ಕಾದು ನೋಡಿ, ಇನ್ನು ಬರುವುದಿಲ್ಲ ಎಂದು ಡಾಕ್ಟರು ಬರೆದುಕೊಡಬೇಕು. ಈ ಪಾಲಿಸಿಗೆ ಲಕ್ವ ಎಂದರೆ ಅಷ್ಟು. ಅದಕ್ಕಿಂತ ಕಡಿಮೆಯಾದದ್ದು ನಮಗೆ ಲಕ್ವವಿರಬಹುದು, ಪಾಲಿಸಿಗೆ ಅಲ್ಲ.

"ವಾಸಿಯಾದರೆ?" ಎಂದೆ.

"ವಾಸಿಯಾದ್ರೆ ಸಂತೋಷ ಅಲ್ವೇನಮ್ಮ? ದುಡ್ಡು ಯಾತಕ್ಕೆ?" ಎಂದರು. "ಟ್ರೈನಿಂಗಲ್ಲಿ ಓದಿದ್ನಲ್ಲ. ನೀವು ತಲೆ ಆಡಿಸಿದ್ರಿ."

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅಂಗಳದಲ್ಲಿ ನಗು. ದೊಡ್ಡಮ್ಮ ಎಣ್ಣೆ ಕೈಯಲ್ಲೇ ಓಡಿಬಂದು ನನ್ನ ಸೀರೆ ಹಿಡಿದು ಎಳೆದರು.

"ಬೆಳ್ಳು ಅಲ್ಲಾಡ್ತು ಕಣೇ. ಬಾ, ನೋಡು ಬಾ."

ದೊಡ್ಡಪ್ಪ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು, ಹಲ್ಲು ಕಚ್ಚಿ, ಕಣ್ಣು ಅಗಲಿಸಿ, ಬಲಗೈಯ ಕಿರುಬೆರಳನ್ನು ಮೇಲೆತ್ತಿದರು. ಒಂದು ಅಕ್ಕಿಕಾಳಿನಷ್ಟು ಎತ್ತರ. ಮನೆಮಂದಿಯೆಲ್ಲ ಮತ್ತೊಮ್ಮೆ ನಕ್ಕರು, ದೊಡ್ಡಮ್ಮ ಕಣ್ಣೊರೆಸಿಕೊಂಡರು.



ನಾನು ಬರೆಯಬೇಕೆಂದು ಕೂತಿದ್ದು ಇದನ್ನೇ. ಉಳಿದದ್ದೆಲ್ಲ ಇದರ ಸುತ್ತಲಿನದು. ದೊಡ್ಡಪ್ಪನ ಬೆರಳು ಅಲ್ಲಾಡಿತು. ಇಡೀ ಮನೆಗೆ ಹಬ್ಬ. ನನಗೆ ಮಾತ್ರ — ಅಯ್ಯೋ, ವಾಸಿಯಾಗುತ್ತಿದೆ — ಎಂದಾಯಿತು. ನನ್ನ ಮಾತು ಸುಳ್ಳಾಗುತ್ತದಲ್ಲ ಎಂದಾಯಿತು. ಒಂದೇ ಕ್ಷಣ ಇರಬಹುದು. ಆದರೆ ಆ ಕ್ಷಣದಲ್ಲಿ ನಾನು ಬಯಸಿದ್ದು ಏನು ಎಂದು ನನಗೆ ಗೊತ್ತು. ಮುಖದ ಮೇಲೆ ನಗು ಇಟ್ಟುಕೊಂಡೇ ಬಯಸಿದೆ. ಅಷ್ಟೇ ಅಲ್ಲ, ಬಾಯಿಬಿಟ್ಟು ಹೇಳಿದೆ ಕೂಡ: "ಜಾಸ್ತಿ ಆಡಿಸಬೇಡ ದೊಡ್ಡಪ್ಪ, ಸುಸ್ತಾಗ್ತದೆ. ಡಾಕ್ಟ್ರು ನೋಡೋವರೆಗೂ ಸುಮ್ನೆ ಮಲಕ್ಕೊ."

ದೊಡ್ಡಪ್ಪ ಅದನ್ನು ಅಕ್ಕರೆ ಎಂದುಕೊಂಡರು. ಪುಣ್ಯಕ್ಕೆ ದೊಡ್ಡಮ್ಮ ನನ್ನ ಮಾತಿಗೆ ಮೂರು ಕಾಸಿನ ಬೆಲೆಯನ್ನೂ ಕೊಡಲಿಲ್ಲ. "ಅವ್ಳೇನು ಡಾಕ್ಟ್ರಾ? ಅವ್ಳು ಓದಿರೋದು ಲೆಕ್ಕ. ನೀನು ಆಡ್ಸು" ಎಂದು ಇನ್ನೂ ಬಿರುಸಾಗಿ ಎಣ್ಣೆ ಉಜ್ಜಿದರು.

"ಆಪೀಸ್ನಾಗೆ ಏನಂದ್ರು?" ಎಂದು ದೊಡ್ಡಪ್ಪ ಕೇಳಿದರು.

ಎಲ್ಲರೂ ನನ್ನ ಮುಖ ನೋಡಿದರು. ಆಗಲೂ ಹೇಳಬಹುದಿತ್ತು. ನಾನು ಓದಿರಲಿಲ್ಲ ದೊಡ್ಡಪ್ಪ, ಓದಿದ್ದರೂ ಅರ್ಥವಾಗುತ್ತಿರಲಿಲ್ಲ ಎಂದು…

"ರೂಲ್ಸ್ ಬದಲಾಯಿಸಿದ್ದಾರೆ, ದೊಡ್ಡಪ್ಪ. ನಾವು ಬರೆಸಿದಾಗ ಹಿಂಗಿರಲಿಲ್ಲ. ಈಗ ಕೈ ಪೂರ್ತಿ ಹೋಗಿದೆ ಅಂತ ಡಾಕ್ಟ್ರು ಬರೆದ್ರೆ ಮಾತ್ರ ಕೊಡ್ತಾರಂತೆ."

ಎಷ್ಟು ಸಲೀಸಾಗಿ ಬಂತು. ಮನೆಯವರೆಲ್ಲ ದಿಲ್ಲಿಯವರನ್ನು ಬೈಯಲು ಶುರುಮಾಡಿದರು. ನಾನೂ ಸ್ವಲ್ಪ ಬೈದೆ.

ಮಂಡಲ ಮುಗಿಯುವ ಹೊತ್ತಿಗೆ ದೊಡ್ಡಪ್ಪನ ಬಾಯಿ ನೆಟ್ಟಗಾಗಿತ್ತು, ಕಾಲು ನೆಲ ಕಚ್ಚಿ ನಿಲ್ಲುತ್ತಿತ್ತು, ಕೈ ಎಮ್ಮೆಯ ಕೆಚ್ಚಲಿನವರೆಗೂ ಹೋಗಿ ಬಂದಿತ್ತು. ಎಲೆ ರಸದಿಂದಲೋ, ದೊಡ್ಡಮ್ಮನ ಉಜ್ಜಾಟದಿಂದಲೋ, ತಾನಾಗಿಯೋ ನಾನರಿಯೆ. ಇಂಥದ್ದಾದರೆ ನೇರ ಆಸ್ಪತ್ರೆಗೆ ಓಡಿ ಎಂದೇ ಈಗ ಎಲ್ಲರಿಗೂ ಹೇಳುತ್ತೇನೆ. ಅಷ್ಟರಲ್ಲಿ ಡೈರಿಯಲ್ಲಿ ದೊಡ್ಡಪ್ಪನ ಕುರ್ಚಿಗೆ ಕದಿರಪ್ಪ ಬಂದು ಕೂತಿದ್ದ. "ಲಕ್ವ ಒಡೆದೋನ ಕೈಯಾಗೆ ಆಲು ಅಳ್ಸಕ್ಕೆ ಆಗಲ್ಲ, ನಾಳೆ ಲೆಕ್ಕ ತಪ್ಪಿದ್ರೆ ಯಾರು ಒಣೆ? ಡಾಕ್ಟ್ರ ಸರ್ಟಿಪಿಕೇಟ್ ತರ್ಲಿ, ಈ ಕ್ಷಣ ಎದ್ದೋಗ್ತೀನಿ" ಎಂದಿದ್ದ. ಕಮಿಟಿಯೂ ಅದಕ್ಕೆ ಹೂಂ ಎಂದಿತ್ತು.

ಹೀಗಾಗಿ ರಾಬರ್ಟ್‌ಸನ್‌ಪೇಟೆಯ ಡಾಕ್ಟರ ಹತ್ತಿರ ನಾವಿಬ್ಬರೂ ಹೊರಟಾಗ ವಿಷಯ ಸ್ಪಷ್ಟವಾಗಿತ್ತು. ಕೈ ಹೋಗಿದೆ ಎಂದು ಬರೆದರೆ ಪಾಲಿಸಿಯ ದುಡ್ಡು. ಕೈ ಬಂದಿದೆ ಎಂದು ಬರೆದರೆ ಡೈರಿ. ಡಾಕ್ಟರು ಒಬ್ಬರೇ, ಕೈಯೂ ಒಂದೇ.

ಬಸ್ಸು ನಿಲ್ದಾಣದಲ್ಲಿ ಇಳಿದ ಕೂಡಲೇ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಬಲಗಾಲನ್ನು ಎಳೆಯುತ್ತಾ, ಕೈ ಜೋತುಬಿಟ್ಟು ಹತ್ತು ಹೆಜ್ಜೆ ನಡೆದು ತೋರಿಸಿದರು. ಕಡಲೆಕಾಯಿ ಮಾರುವವಳು ಅಯ್ಯೋ ಪಾಪ ಎಂದು ದಾರಿ ಬಿಟ್ಟಳು.

"ಎಂಗೈತೆ ಸರೋಜಿ? ಕೊಡ್ತಾರಾ?"

ತಮಾಷೆಗೆ ಮಾಡಿದ್ದು, ನನಗೂ ನಗು ಬಂತು. ಆದರೆ ಬೇಡ ದೊಡ್ಡಪ್ಪ ಎಂದು ನಾನು ಹೇಳಲಿಲ್ಲ. ಅವರು ನನ್ನ ಉತ್ತರಕ್ಕೆ ನಿಂತಿದ್ದರು — ನಿಜವಾಗಿಯೂ ನಿಂತಿದ್ದರು — ನಾನು ಸುಮ್ಮನೆ ಮುಂದೆ ನಡೆದೆ. ಊರಿಗೆಲ್ಲ ಗೌರವಸ್ಥನಾದ ಮನುಷ್ಯ, ನನ್ನ ಮಾತು ಉಳಿಸಲು ಕುಂಟನ ವೇಷ ಹಾಕಲಿ ಎಂದು ಕಾದೆ.

ಡಾಕ್ಟರು ವಯಸ್ಸಾದವರು, ಗಣಿಯ ಕಾರ್ಮಿಕರಿಗೆ ಔಷಧಿ ಕೊಟ್ಟು ಕೊಟ್ಟು ಕನ್ನಡವನ್ನೂ ತಮಿಳಿನಲ್ಲೇ ಆಡುವವರು. ಬಿ.ಪಿ. ನೋಡಿದರು. ಕಣ್ಣಿಗೆ ಟಾರ್ಚ್ ಬಿಟ್ಟರು. ಪಾದಕ್ಕೆ ಗೀರಿದರು. ಆಮೇಲೆ ತಮ್ಮ ಎರಡು ಬೆರಳು ಮುಂದೆ ಚಾಚಿದರು.

"ಪೆರಿಯವರೇ, ಇದನ್ನ ಹಿಡ್ಕೊಂಡು ಅಮುಕಿ ಪಾಕಲಾಂ. ಎಷ್ಟು ಜೋರಾಗುತ್ತೋ ಅಷ್ಟು."

ದೊಡ್ಡಪ್ಪ ಬಲಗೈ ಎತ್ತಿದರು. ಬೆರಳುಗಳನ್ನು ಸುತ್ತಿ ಹಿಡಿದರು. ಒಮ್ಮೆ ನನ್ನ ಕಡೆ ನೋಡಿದರು. ಚಿಕ್ಕಂದಿನಿಂದ ಎಮ್ಮೆ ಕರೆದ ಕೈ ಅದು.

"ಪೋದುಂ, ಪೋದುಂ," ಎಂದು ಡಾಕ್ಟರು ಅರ್ಧ ಎದ್ದು ನಿಂತರು. "ಬಿಡಪ್ಪಾ. ಹೊರಗೆ ಇನ್ನೂ ಪೇಷಂಟ್ ಇದಾರೆ, ನಂಗೆ ಬೆರಳು ಬೇಕು."

ಕೈ ಝಾಡಿಸಿಕೊಳ್ಳುತ್ತಾ ಕುರ್ಚಿಯಲ್ಲಿ ಕೂತು, ತಮ್ಮ ಹೆಸರು ಅಚ್ಚಾಗಿದ್ದ ಹಾಳೆ ಎಳೆದುಕೊಂಡು, ಏನಂತ ಬರೆಯಬೇಕು ಎಂದು ಕೇಳಿದರು. ನಮ್ಮಿಬ್ಬರನ್ನೂ ಕೇಳಿದ್ದು. ನಾನು ನೆಲ ನೋಡುತ್ತಿದ್ದೆ.

"ಆಲು ಅಳೆಯಕ್ಕೆ ಆಗ್ತೈತೆ ಅಂತ ಬರೀರಿ ಸ್ವಾಮಿ," ಎಂದರು ದೊಡ್ಡಪ್ಪ.

ಡಾಕ್ಟರು ಬರೆದರು. ದಿನವೂ ಬಿ.ಪಿ. ಮಾತ್ರೆ ತಪ್ಪಬಾರದು, ಉಪ್ಪು ಕಡಿಮೆ ಎಂದರು. "ಎಲೆ ಔಸ್ದಿಯೋನೂ ಅದೇ ಅಂದ, ಇವ್ರೂ ಅದೇ ಅಂತಾರೆ, ಉಪ್ಪು ಮಾಡಿರೋ ತಪ್ಪೇನು?" ಎಂದು ದೊಡ್ಡಪ್ಪ ಹೊರಗೆ ಬಂದು ಗೊಣಗಿದರು. ಹೋಟೆಲಿನಲ್ಲಿ ಬಲಗೈಯಲ್ಲೇ ದೋಸೆ ಮುರಿದು ತಿಂದರು. ಅಷ್ಟು ನಿಧಾನವಾಗಿ ದೋಸೆ ತಿಂದವರನ್ನು ನಾನು ಕಂಡಿಲ್ಲ.

ಆಮೇಲೆ ನಾನು ನಿಘಂಟು ಇಟ್ಟುಕೊಂಡು ಆ ಹಿಂಬದಿಯ ಪುಟವನ್ನು ಒಂದೊಂದೇ ಪದ ಬಿಡಿಸಿ ಓದಿದೆ. ಪಾಲಿಸಿ ಮಾರುವಾಗ ಏನು ಸಿಗುತ್ತದೆ ಎನ್ನುವುದಕ್ಕಿಂತ ಮೊದಲು ಏನು ಸಿಗುವುದಿಲ್ಲ ಎಂದು ಹೇಳಲು ಶುರುಮಾಡಿದೆ. ಎದೆನೋವು ಬಂದರೆ ಸಾಲದು, ಎದೆ ಕೊಯ್ದು ಆಪರೇಷನ್ ಆಗಿರಬೇಕು. ಎಲ್ಲ ಗಡ್ಡೆಯೂ ಕ್ಯಾನ್ಸರಲ್ಲ — ಹೀಗೆ. ಅರ್ಧ ಜನ ಎದ್ದು ಹೋಗುತ್ತಿದ್ದರು, ಹೋಗಲಿ. ಮೊದಲೇ ಬರೆಸಿದ್ದವರ ಮನೆಮನೆಗೂ ಹೋಗಿ ತಿಳಿಸಿದೆ. ಆದರೆ ಅವರಿಗೂ ಹೇಳಿದ್ದು ಹೊಸ ರೂಲ್ಸ್ ಎಂದೇ. ಇದನ್ನು ಮುಚ್ಚಿಟ್ಟರೆ ಮೇಲೆ ಬರೆದದ್ದೆಲ್ಲ ಹೆಗ್ಗಳಿಕೆಯಾಗುತ್ತದೆ.

ದೊಡ್ಡಪ್ಪ ಇನ್ನೂ ಬಹಳ ವರ್ಷ ಡೈರಿ ನಡೆಸಿದರು. ವಯಸ್ಸಾಗಿ, ಸುಖವಾಗಿ ಹೋದರು. ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಬಹುಶಃ ನಕ್ಕುಬಿಡುತ್ತಿದ್ದರು. ಅದು ಗೊತ್ತಿದ್ದೂ ಹೇಳಲಿಲ್ಲ. ದೊಡ್ಡಮ್ಮ ಇದ್ದಾರೆ, ಕಿವಿಯೂ ಚೆನ್ನಾಗಿದೆ. ಇದು ಅಚ್ಚಾದಾಗ ಅವರ ಪಕ್ಕ ಕೂತು ನಾನೇ ಓದುತ್ತೇನೆ, ಬೆರಳಿನ ವಿಷಯ ಬಿಡದೆ.

ಡಾಕ್ಟರ ಹತ್ತಿರ ಹೋಗಿ ಬಂದ ಸಂಜೆಯ ಮಾತೊಂದು ಉಳಿದಿದೆ. ಬಸ್ಸಿಳಿದವರೇ ನೇರ ಡೈರಿಗೆ ಹೋದೆವು. ಹಾಲು ಹಾ‌ಕುವ ಹೊತ್ತು, ಊರೆಲ್ಲ ಅಲ್ಲಿತ್ತು. ದೊಡ್ಡಪ್ಪ ಜೇಬಿನಿಂದ ಸರ್ಟಿಫಿಕೇಟು ತೆಗೆದು, "ಓದು" ಎಂದು ನನಗೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಒಂದು ಪದವನ್ನೂ ಬಿಡದೆ ಕನ್ನಡದಲ್ಲಿ ಹೇಳಿದೆ. ಅರ್ಥವಾಗದ ಒಂದು ಪದ ಬಂದಾಗ, ಇದು ನನಗೆ ಗೊತ್ತಿಲ್ಲ ಎಂದೆ. ಯಾರೂ ಏನೂ ಅಂದುಕೊಳ್ಳಲಿಲ್ಲ. ಕದಿರಪ್ಪನ ಕೈಗೆ ಕಾಗದ ಕೊಟ್ಟೆ.

ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, ಕುರ್ಚಿ ಬಿಟ್ಟು ಎದ್ದ.

"ಕೈ ಬಂತು, ದುಡ್ಡು ಓಯ್ತು," ಎಂದ. "ವಾಸಿಯಾದ್ರೂ ಕೊಡ್ತಾರೆ ಅಂತ ಸರೋಜಮ್ಮ ಇದೇ ಜಗ್ಲಿ ಮ್ಯಾಲೆ ನಿಂತು ಏಳಿದ್ದು ನಂಗಿನ್ನೂ ನೆಪ್ಪೈತೆ."

 ನಾನು ಬಾಯಿ ತೆರೆದೆ. ತೆರೆದದ್ದು ನಿಜ.

ದೊಡ್ಡಪ್ಪ ಅಷ್ಟರಲ್ಲಿ ಕುರ್ಚಿಯಲ್ಲಿ ಕೂತು ಅಳತೆ ಪಾತ್ರೆಯನ್ನು ಬಲಗೈಗೆ ತೆಗೆದುಕೊಂಡಾಗಿತ್ತು.

"ಅವತ್ತು ಏಳಿದ್ದು ಅವತ್ತಿಗೆ ಸರೀನೇ ಕಣ್ಲಾ," ಎಂದರು. "ಆಮೇಲೆ ಬದ್ಲಾಯ್ಸಿದ್ದು ದಿಲ್ಲಿಯೋರು. ಅದ್ಕೆ ನನ್ ಮಗಳೇನ್ ಮಾಡ್ತಾಳೆ? ಅವ್ಳು ತಿಳೀದಿದ್ದನ್ನ ಏಳೋಳಲ್ಲ. ಕ್ಯಾನು ಇತ್ತ ತಳ್ಳು, ಆಲು ಉಯ್ಯಿ."